ಹೊಸ್ತಿಲಿಗೂ ಒಂದು ತಡೆಯಾಜ್ಞೆ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ರೈತಾಪಿ ಜನಕ್ಕೆ ‘ತಡೆಯಾಜ್ಞೆ’ ಎಂಬ ಮಾತು ಹೊಸದಲ್ಲ. ನಾಲೆಗಳ ನೀರುಂಡು ಬೆಳೆಯುವ ಗದ್ದೆಬಯಲಿನಲ್ಲಿ ಬದುವಿನ ಜಗಳ, ಬಂಡಿದಾರಿಯ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಹುಟ್ಟುವುದು ಸಹಜವೇ. ಜಗಳ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ದಾವೆ ಮುಗಿಯುವ ತನಕ ಎದುರುಪಕ್ಷದವನು ಬದುವನ್ನು ದಾಟಕೂಡದೆಂದು ನ್ಯಾಯಾಧೀಶರು ಅಪ್ಪಣೆ ಮಾಡುತ್ತಾರೆ. ಆ ಅಪ್ಪಣೆಯ ನಕಲನ್ನು ಪಹಣಿಯ ಜೊತೆಯಲ್ಲಿ ಮಡಿಸಿ ಪೆಟ್ಟಿಗೆಯಲ್ಲಿ ಭದ್ರಪಡಿಸುವ ಯಜಮಾನನಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಅದನ್ನು ಮುರಿದವನ ಆಸ್ತಿಯನ್ನು ಜಪ್ತಿ ಮಾಡಬಹುದು. ೩ ತಿಂಗಳು ಮೀರದಂತೆ ಅವನನ್ನು ಸಿವಿಲ್ ಬಂಧನದಲ್ಲಿಡಲೂಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ೩೯ನೆಯ ಆದೇಶದ ೨-ಎ ನಿಯಮ ಹೇಳುವುದು ಇದನ್ನೇ.

ಗದ್ದೆಯ ಬದುವಿಗೆ ಇರುವಂತೆ ಮನೆಯ ಹೊಸ್ತಿಲಿಗೂ ಒಂದು ತಡೆಯಾಜ್ಞೆ ಉಂಟು. ಅದನ್ನು ದಾಟಿದವನಿಗೆ ಸಿವಿಲ್ ಬಂಧನವಲ್ಲ, ಅಪರಾಧಿಯೆಂಬ ಹೆಸರಿನೊಡನೆ ಸೆರೆಮನೆಯೇ ಕಾದಿದೆ ಎಂಬ ಸಂಗತಿ ಮಾತ್ರ ಅಷ್ಟು ಮಂದಿಗೆ ತಿಳಿದಂತಿಲ್ಲ. ತಿಳಿದವರಲ್ಲಿಯೂ ಅನೇಕರು, ಅಂಥ ಆಜ್ಞೆ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ನಿಜವಾಗಿ ನೋಡಿದರೆ ಕೆಲಸ ಆರಂಭವಾಗುವುದೇ ಅಲ್ಲಿಂದ.

ಎರಡು ಊರುಗಳ ನಡುವೆ

ವಿಷಯ ತಿಳಿಯಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಆದರೆ ಯಾವ ಮನೆಯಲ್ಲಾದರೂ ನಡೆಯಬಹುದಾದ ಕಥೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗಂಡನಿಗೆ ಕೆಲಸ. ಸಂಬಳ ಕೈತುಂಬ ಅಲ್ಲದಿದ್ದರೂ ಸಂಸಾರಕ್ಕೆ ಸಾಲುವಷ್ಟು. ಹೆಂಡತಿ ಓದಿದವಳು, ಎಂಟು ವರ್ಷದ ಮಗಳಿದ್ದಾಳೆ. ಹೊರಗಿನವರ ಕಣ್ಣಿಗೆ ಅಚ್ಚುಕಟ್ಟಾದ ಸಂಸಾರ. ಒಳಗೆ ಮಾತ್ರ ಕುಡಿತ, ಅನುಮಾನ, ಏಟು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಂಬಿ ಆಕೆ ಹತ್ತು ವರ್ಷ ಕಾದಳು. ಉಂಡು ಮಲಗಿದ ಮೇಲೂ ಜಗಳ ಮುಗಿಯದಿದ್ದಾಗ ಮಗಳ ಕೈ ಹಿಡಿದುಕೊಂಡು ನರಸೀಪುರದ ತವರುಮನೆಗೆ ಬಂದಳು.

ಮನೆ ನಂಜನಗೂಡಿನಲ್ಲಿ, ಏಟು ಬಿದ್ದದ್ದು ನಂಜನಗೂಡಿನಲ್ಲಿ, ಆಕೆ ಈಗ ಇರುವುದು ನರಸೀಪುರದಲ್ಲಿ. ದೂರು ಹೇಳುವುದೆಲ್ಲಿ? ೨೦೦೫ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆಯ ೨೭ನೆಯ ಕಲಮು ಈ ತೊಡಕನ್ನು ಬಿಡಿಸಿದೆ. ಆಕೆ ತಾತ್ಕಾಲಿಕವಾಗಿ ನೆಲೆಸಿರುವ ಊರಿನ ಮ್ಯಾಜಿಸ್ಟ್ರೇಟರ ಬಳಿಗಾದರೂ ಹೋಗಬಹುದು, ಗಂಡನ ಊರಿನವರ ಬಳಿಗಾದರೂ ಹೋಗಬಹುದು. ಯಾವ ಕೋರ್ಟು ಆಜ್ಞೆ ಮಾಡಿದರೂ ಅದು ಭಾರತದಾದ್ಯಂತ ನಡೆಯುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಆದಾಯವೆಷ್ಟೆಂದು ಕೇಳದೆಯೇ ಸ್ತ್ರೀಯರಿಗೆ ಉಚಿತ ನೆರವು ದೊರೆಯಬೇಕು. ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಪಡೆಯಬಹುದು.

೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದ ಈ ಕಾಯಿದೆಗೆ ಮೊದಲು ಇಂಥ ಹೆಣ್ಣಿಗೆ ಇದ್ದ ದಾರಿಗಳು ಕೆಲವೇ. ಶಾಂತಿಪಾಲನೆಗಾಗಿ ಗಂಡನಿಂದ ಮುಚ್ಚಳಿಕೆ ಬರೆಸಿಕೊಳ್ಳುವಂತೆ ತಾಲ್ಲೂಕು ದಂಡಾಧಿಕಾರಿಗಳನ್ನು ಬೇಡುವುದು ಒಂದು; ೧೯೮೩ರಲ್ಲಿ ದಂಡಸಂಹಿತೆಗೆ ಸೇರಿದ ೪೯೮-ಎ ಕಲಮಿನ ಪ್ರಕಾರ ಗಂಡನ ಮೇಲೆ ಕ್ರೌರ್ಯದ ಮೊಕದ್ದಮೆ ಹೂಡುವುದು ಇನ್ನೊಂದು. ಮೊದಲನೆಯದು ತೀರ ಸಡಿಲ, ಎರಡನೆಯದು ತೀರ ಬಿಗಿ. ‘ಅವರು ಜೈಲಿಗೆ ಹೋಗುವುದು ಬೇಡ, ಹೊಡೆಯುವುದು ನಿಂತರೆ ಸಾಕು’ ಎನ್ನುವವಳಿಗೆ ಎರಡರ ನಡುವೆ ದಾರಿಯಿರಲಿಲ್ಲ. ಹೊಸ ಕಾಯಿದೆ ಮಾಡಿದ್ದು ಆ ನಡುವಣ ದಾರಿ.

ಆಜ್ಞೆಯಲ್ಲಿ ಏನಿರುತ್ತದೆ

ಕಾಯಿದೆಯ ೧೮ನೆಯ ಕಲಮಿನ ‘ರಕ್ಷಣಾ ಆದೇಶ’ ಬರಿಯ ಹೊಡೆತವನ್ನಷ್ಟೇ ತಡೆಯುವುದಿಲ್ಲ. ಆಕೆ ದುಡಿಯುವ ಸ್ಥಳಕ್ಕೆ ಕಾಲಿಡಕೂಡದು. ಮಗುವಿನ ಶಾಲೆಯ ಬಳಿಗೆ ಸುಳಿಯಕೂಡದು. ಮಾತಿನಿಂದಾಗಲಿ, ಪತ್ರದಿಂದಾಗಲಿ, ದೂರವಾಣಿಯಿಂದಾಗಲಿ, ವಿದ್ಯುನ್ಮಾನ ಸಾಧನಗಳಿಂದಾಗಲಿ ಆಕೆಯೊಡನೆ ಸಂಪರ್ಕ ಬೆಳೆಸಕೂಡದು. ಇಬ್ಬರ ಹೆಸರಿನಲ್ಲಿರುವ ಬ್ಯಾಂಕಿನ ಲಾಕರನ್ನು ಕೋರ್ಟಿನ ಅನುಮತಿಯಿಲ್ಲದೆ ಮುಟ್ಟಕೂಡದು. ಆಕೆಗೆ ನೆರವಾದ ಅಣ್ಣನನ್ನಾಗಲಿ ನೆರೆಯವರನ್ನಾಗಲಿ ಬೆದರಿಸಕೂಡದು – ಹೀಗೆ ಮ್ಯಾಜಿಸ್ಟ್ರೇಟರು ಅಗತ್ಯ ಕಂಡಷ್ಟು ಗೆರೆಗಳನ್ನೆಳೆಯಬಹುದು. ಅಂಗೈಯಲ್ಲಿ ಫೋನು ಹಿಡಿದೇ ಕಾಲ ಕಳೆಯುವ ಇಂದಿನ ಸಂಸಾರಗಳಲ್ಲಿ, ನಡುರಾತ್ರಿ ಕಳಿಸಿದ ಒಂದು ವಾಟ್ಸ್ಯಾಪ್ ಸಂದೇಶವೂ ಆ ಗೆರೆಯನ್ನು ದಾಟಿದಂತೆಯೇ ಸರಿ.

ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ೩ ದಿನಗಳೊಳಗೆ ಆಗಬೇಕು, ೬೦ ದಿನಗಳಲ್ಲಿ ಅದನ್ನು ಇತ್ಯರ್ಥಗೊಳಿಸಲು ಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ಅಪಾಯ ತುರ್ತಿನದಾದರೆ ಎದುರುಪಕ್ಷದ ಮಾತನ್ನು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಲೂಬಹುದು. ಆದೇಶದ ನಕಲು ಇಬ್ಬರಿಗೂ, ಠಾಣೆಯ ಅಧಿಕಾರಿಗೂ ಪುಕ್ಕಟೆಯಾಗಿ ತಲುಪಬೇಕು.

ನಮ್ಮ ಉದಾಹರಣೆಯ ಗೃಹಿಣಿಗೆ ಇಂಥದೊಂದು ಆದೇಶ ದೊರೆಯಿತೆನ್ನೋಣ. ಜೊತೆಗೆ ೨೦ನೆಯ ಕಲಮಿನಂತೆ ತಿಂಗಳು ತಿಂಗಳು ಜೀವನಾಂಶಕ್ಕೂ ಅಪ್ಪಣೆಯಾಯಿತು. ತವರಿನವರು ನಿಟ್ಟುಸಿರು ಬಿಟ್ಟರು.

ಮೂರು ಬಾರಿ ದಾಟಿದ ಗೆರೆ

ಹದಿನೈದು ದಿನ ಕಳೆಯುವುದರೊಳಗಾಗಿ ಗಂಡನಿಂದ ಫೋನು ಬಂದಿತು. ಬೈಗುಳವೇನೂ ಇಲ್ಲ, ‘ಮಗಳನ್ನು ನೋಡಬೇಕು’ ಎಂಬ ಅಳು. ಆಕೆ ಸುಮ್ಮನಾದಳು. ಮುಂದಿನ ತಿಂಗಳು ಅವನು ಮಗಳ ಶಾಲೆಯ ಗೇಟಿನಲ್ಲಿ ನಿಂತಿದ್ದ. ಮನೆಯ ಹಿರಿಯರು, “ಹೋಗ್ಲಿ ಬುಡವ್ವ, ಅಪ್ಪ ಅಂದ್ಮೇಲೆ ಮಗೀನ್ ಆಸೆ ಇರಾಕಿಲ್ವ?” ಎಂದರು. ಆಕೆ ಈ ಬಾರಿಯೂ ಸುಮ್ಮನಾದಳು. ಮೂರನೆಯ ಬಾರಿ ಅವನು ಬಂದದ್ದು ರಾತ್ರಿ ಹನ್ನೊಂದಕ್ಕೆ. ಕುಡಿದು ಬಂದು ತವರುಮನೆಯ ಬಾಗಿಲು ಒದ್ದ, ಅಡ್ಡ ಬಂದ ಅಣ್ಣನ ಕೈ ತಿರುಚಿದ.

ಕಾನೂನಿನ ಕಣ್ಣಿಗೆ ಈ ಮೂರೂ ಉಲ್ಲಂಘನೆಗಳೇ. ೩೧ನೆಯ ಕಲಮಿನಂತೆ, ರಕ್ಷಣಾ ಆದೇಶವನ್ನಾಗಲಿ ಮಧ್ಯಂತರ ರಕ್ಷಣಾ ಆದೇಶವನ್ನಾಗಲಿ ಮುರಿದವನಿಗೆ ೧ ವರ್ಷದವರೆಗೆ ಕಾರಾಗೃಹವಾಸ, ಇಲ್ಲವೆ ೨೦,೦೦೦ ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ೩೨ನೆಯ ಕಲಮು ಇನ್ನೂ ಎರಡು ಮಾತುಗಳನ್ನು ಸೇರಿಸುತ್ತದೆ. ಈ ಅಪರಾಧಕ್ಕಾಗಿ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು, ಜಾಮೀನನ್ನು ಹಕ್ಕೆಂದು ಕೇಳುವಂತಿಲ್ಲ ಎಂಬುದು ಒಂದು. ನೊಂದವಳ ಒಬ್ಬಳ ಸಾಕ್ಷ್ಯದ ಮೇಲೆಯೇ ಕೋರ್ಟು ಅಪರಾಧ ನಡೆದಿದೆಯೆಂಬ ತೀರ್ಮಾನಕ್ಕೆ ಬರಬಹುದು ಎಂಬುದು ಇನ್ನೊಂದು. ನಾಲ್ಕು ಗೋಡೆಗಳ ನಡುವಣ ತಪ್ಪಿಗೆ ಐದನೆಯ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಕಾಯಿದೆ ಮಾಡಿದವರು ಅದನ್ನು ಬಲ್ಲವರಾಗಿದ್ದರು.

ಓದುವುದಕ್ಕೆ ಕಾಯಿದೆ ಇಷ್ಟು ಬಿಗಿ. ಅಂಕಿಗಳು ಹೇಳುವ ಮಾತೇ ಬೇರೆ.

ದೂರುಗಳೇ ವಿರಳ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳ ಪ್ರಕಾರ ಈ ಕಾಯಿದೆಯಡಿ ಪೊಲೀಸರು ಇಡೀ ದೇಶದಲ್ಲಿ ದಾಖಲಿಸಿದ ಪ್ರಕರಣಗಳು ೨೦೨೦ರಲ್ಲಿ ೪೪೬, ೨೦೨೧ರಲ್ಲಿ ೫೦೭, ೨೦೨೨ರಲ್ಲಿ ೪೬೮. ಅದೇ ೨೦೨೨ರಲ್ಲಿ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯದ ಪ್ರಕರಣಗಳು ೧,೪೦,೦೧೯. ರಕ್ಷಣೆ ಬೇಡಿ ಸಲ್ಲಿಸುವ ಅರ್ಜಿ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಹೋಗುವುದರಿಂದ ಅದು ಈ ಲೆಕ್ಕದಲ್ಲಿ ಬಾರದು. ಠಾಣೆಯ ಪುಸ್ತಕಕ್ಕೆ ಸೇರುವುದು ಬಹುಮಟ್ಟಿಗೆ ಆದೇಶ ಮುರಿದ ದೂರುಗಳೇ. ನೂರು ಕೋಟಿಗೂ ಮೀರಿದ ಜನಸಂಖ್ಯೆಯ ದೇಶದಲ್ಲಿ ವರ್ಷಕ್ಕೆ ಐನೂರರ ಆಸುಪಾಸು!

ಹಾಗಾದರೆ ಗಂಡಂದಿರೆಲ್ಲ ಆಜ್ಞಾಧಾರಕರೆಂದು ಹಿಗ್ಗಬೇಕೆ? ೨೦೧೯-೨೦ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ೧೮ರಿಂದ ೪೯ ವಯಸ್ಸಿನ ವಿವಾಹಿತೆಯರ ಪೈಕಿ ಗಂಡನ ಹಿಂಸೆಯನ್ನು ಅನುಭವಿಸಿದ್ದೇವೆಂದವರು ಶೇಕಡ ೪೪.೪ ಮಂದಿ, ಅದಕ್ಕೆ ಹಿಂದಿನ ೨೦೧೫-೧೬ರ ಸಮೀಕ್ಷೆಯಲ್ಲಿ ಅದು ಶೇಕಡ ೨೦.೬ ಆಗಿತ್ತು. ಗೆರೆ ದಾಟುವವರು ಕಡಮೆಯಾದುದರಿಂದ ದೂರು ಕಡಮೆಯಾಗಿದೆಯೆಂದು ನಂಬುವುದು ಕಷ್ಟ. ಫೋನಿನ ಕರೆಯನ್ನೂ ಶಾಲೆಯ ಗೇಟನ್ನೂ ನುಂಗಿಕೊಂಡ ನಮ್ಮ ಗೃಹಿಣಿಯಂಥವರೇ ಆ ಅಂಕಿಯ ಹಿಂದೆ ಇದ್ದಾರೆ.

ನುಂಗಿಕೊಳ್ಳುವುದಕ್ಕೆ ಕಾರಣವೂ ಇಲ್ಲದಿಲ್ಲ. ಗಂಡ ಸೆರೆಗೆ ಹೋದರೆ ಕಾರ್ಖಾನೆಯ ಕೆಲಸ ಉಳಿದೀತೆ? ಕೆಲಸ ಹೋದರೆ ಜೀವನಾಂಶ ಬರುವುದೆಲ್ಲಿಂದ? ಜುಲ್ಮಾನೆಯಾದರೂ ಆಕೆಯ ಕೈಸೇರುತ್ತದೆಯೆ ಎಂದರೆ, ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಅದರಲ್ಲಿ ಒಂದು ಪಾಲನ್ನು ಪರಿಹಾರವಾಗಿ ಕೊಡಿಸುವುದು ಕೋರ್ಟಿನ ವಿವೇಚನೆ. ಗಂಡನನ್ನು ದಂಡಿಸುವ ಕಾಯಿದೆ ತನ್ನ ಅಡಿಗೆಮನೆಯ ಡಬ್ಬಿಯನ್ನೇ ಬರಿದು ಮಾಡೀತೆಂಬ ಭಯ ಹೆಣ್ಣಿನ ಬಾಯಿ ಕಟ್ಟುತ್ತದೆ. ನ್ಯಾಯಾಧೀಶರು ಶಿಕ್ಷೆಯನ್ನು ತೂಗುವಾಗ ಈ ಭಯವೂ ತಕ್ಕಡಿಯಲ್ಲಿ ಇರಬೇಕಾದುದೇ.

ಗುಲಗಂಜಿ ತೂಕದ ನ್ಯಾಯ

ಕಪಿಲೆಯೂ ಕಾವೇರಿಯೂ ಕೂಡುವ ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಪವಿತ್ರವೆಂದು ಜನ ನಂಬುತ್ತಾರೆ. ಅಲ್ಲಿಯ ದೇವರಿಗೆ ಗುಂಜಾ ನರಸಿಂಹನೆಂದೇ ಹೆಸರು. ಅಕ್ಕಸಾಲಿ ಚಿನ್ನ ತೂಗುತ್ತಿದ್ದ ಆ ಸಣ್ಣ ಬೀಜದ ಅಳತೆ ನ್ಯಾಯಾಸ್ಥಾನಕ್ಕೂ ಬೇಕು. ಅಳುತ್ತ ಮಾಡಿದ ಫೋನಿಗೂ, ಶಾಲೆಯ ಗೇಟಿನಲ್ಲಿ ನಿಂತದ್ದಕ್ಕೂ, ಕುಡಿದು ಬಾಗಿಲು ಒದ್ದದ್ದಕ್ಕೂ ಒಂದೇ ಶಿಕ್ಷೆಯಾಗಲಾರದು.

ನಮ್ಮ ಕಾಯಿದೆ ಮೇಲ್ಮಿತಿಯನ್ನು ಹೇಳಿದೆಯೇ ಹೊರತು ಕೆಳಮಿತಿಯನ್ನು ಹೇಳಿಲ್ಲ. ಮೊದಲ ತಪ್ಪಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂಬ ಏಣಿಯನ್ನೂ ಇಟ್ಟಿಲ್ಲ. ಹತ್ತನೆಯ ಉಲ್ಲಂಘನೆಗೂ ಮೇಲ್ಮಿತಿ ಅದೇ ೧ ವರ್ಷ. ಸಣ್ಣ ತಪ್ಪಿಗೆ, ಮೊದಲ ತಪ್ಪಿಗೆ ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ ಬುದ್ಧಿ ಹೇಳಿ, ಇಲ್ಲವೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಲು ನ್ಯಾಯಾಧೀಶರಿಗೆ ಅವಕಾಶವುಂಟು. ಹೀಗೆ ಬುದ್ಧಿಮಾತಿನಿಂದ ಹಿಡಿದು ವರ್ಷದ ಸೆರೆಯವರೆಗಿನ ಅಗಲವಾದ ಅಂಗಳವನ್ನು ಕಾಯಿದೆ ಅವರ ವಿವೇಕಕ್ಕೇ ಬಿಟ್ಟಿದೆ.

ಬೇರೆ ದೇಶಗಳಲ್ಲಿ ಈ ಅಂಗಳಕ್ಕೆ ಗೆರೆ ಹಾಕಿಕೊಂಡಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ಆಜ್ಞೆಯನ್ನು ಮುರಿದರೆ ೫ ವರ್ಷಗಳವರೆಗೆ ಸೆರೆಯುಂಟು. ಅಲ್ಲಿಯ ಶಿಕ್ಷಾ ಪರಿಷತ್ತು ೨೦೧೮ರಲ್ಲಿ ಹೊರಡಿಸಿದ ಮಾರ್ಗಸೂಚಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಬೇಕೆಂದೇ ಪದೇ ಪದೇ ಮುರಿದದ್ದೆ, ಅಥವಾ ಅಲ್ಪಸ್ವಲ್ಪ ತಪ್ಪಿದ್ದೆ? ಅದರಿಂದ ಎದುರಿನವರಿಗೆ ಆದ ಹಾನಿಯೆಷ್ಟು? ಎರಡೂ ತೀರ ಹೆಚ್ಚಾಗಿದ್ದರೆ ಲೆಕ್ಕ ೨ ವರ್ಷದಿಂದ ಆರಂಭವಾಗುತ್ತದೆ. ಎರಡೂ ಕಡಮೆಯಾಗಿದ್ದರೆ ಜುಲ್ಮಾನೆಯಲ್ಲಿ ಮುಗಿಯಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಹಿಂದೆ ಎರಡು ಬಾರಿ ಶಿಕ್ಷೆಯಾದವನು ಮತ್ತೆ ಮುರಿದರೆ ಅದೇ ತಪ್ಪು ಘೋರಾಪರಾಧದ ವರ್ಗಕ್ಕೆ ಏರುತ್ತದೆ.

ಇಂಥ ಮಾರ್ಗಸೂಚಿ ನಮಗೂ ಬೇಕೆಂದವರಲ್ಲಿ ಪ್ರಮುಖರು ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು. ಕರ್ನಾಟಕ, ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಅವರ ಅಧ್ಯಕ್ಷತೆಯ ಸಮಿತಿ, ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿ ರಚಿಸಲು ಒಂದು ಶಾಸನಬದ್ಧ ಮಂಡಲಿ ಇರಬೇಕೆಂದು ೨೦೦೩ರಲ್ಲಿಯೇ ಶಿಫಾರಸು ಮಾಡಿತು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯೂ ಪ್ರಕ್ರಿಯಾ ಸಂಹಿತೆಯೂ ಹೊಸ ಹೆಸರು ತೊಟ್ಟು ಬಂದುವಾದರೂ ಅಂಥ ಮಂಡಲಿಯನ್ನು ಜೊತೆಗೆ ತರಲಿಲ್ಲ.

ಎಡವುವ ಕಲ್ಲುಗಳು

ಶಿಕ್ಷೆಯ ಹಂತ ಮುಟ್ಟುವುದಕ್ಕೆ ಮೊದಲೇ ಮೊಕದ್ದಮೆ ಎಡವಬಹುದಾದ ಕಲ್ಲುಗಳು ಮೂರುಂಟು.

ಮೊದಲನೆಯದು ಕಾಲದ ಕಲ್ಲು. ರಕ್ಷಣೆ ಬೇಡುವ ಅರ್ಜಿಗೆ ೧ ವರ್ಷದ ವಾಯಿದೆ ಅಡ್ಡಬಾರದೆಂದು ಸುಪ್ರೀಂ ಕೋರ್ಟು ೨೦೨೨ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಆದರೆ ಆದೇಶವನ್ನು ಮುರಿದ ಅಪರಾಧಕ್ಕೆ ಆ ವಾಯಿದೆ ಉಂಟು. ಮುರಿದ ದಿನದಿಂದ ೧ ವರ್ಷದೊಳಗೆ ದೂರು ಕೋರ್ಟನ್ನು ಮುಟ್ಟದಿದ್ದರೆ ವಿಚಾರಣೆಯೇ ಕಷ್ಟ. ‘ಇನ್ನೊಂದು ಸಲ ಬರಲಿ, ನೋಡೋಣ’ ಎಂದು ತಳ್ಳುತ್ತ ಹೋದವಳ ಹಳೆಯ ದೂರುಗಳು ಹೀಗೆ ಒಂದೊಂದಾಗಿ ಉದುರಿಹೋಗುತ್ತವೆ.

ಎರಡನೆಯದು ಹಣದ ಕಲ್ಲು. ಜೀವನಾಂಶ ಕೊಡದಿರುವುದೂ ೩೧ನೆಯ ಕಲಮಿನ ಅಪರಾಧವೆಂದು ಅನೇಕರು ತಿಳಿದಿದ್ದಾರೆ. ರಾಜಸ್ಥಾನ ಹೈಕೋರ್ಟು ೨೦೧೨ರಲ್ಲಿಯೂ ಕೇರಳ ಹೈಕೋರ್ಟು ೨೦೨೨ರಲ್ಲಿಯೂ ಹಾಗಲ್ಲವೆಂದಿವೆ. ರಕ್ಷಣಾ ಆದೇಶ ಬೇರೆ, ಹಣದ ಆದೇಶ ಬೇರೆ. ಹಣದ ಬಾಕಿಗೆ ವಸೂಲಿಯ ದಾರಿಯುಂಟು, ಗಂಡನ ಸಂಬಳದಿಂದ ನೇರವಾಗಿ ಕಟ್ಟಿಸಿಕೊಳ್ಳುವ ಏರ್ಪಾಡೂ ೨೦ನೆಯ ಕಲಮಿನಲ್ಲಿಯೇ ಇದೆ.

ಮೂರನೆಯದು ಬಂಧನದ ಕಲ್ಲು. ವಾರಂಟಿಲ್ಲದೆ ಹಿಡಿಯಬಹುದೆಂದರೆ ಹಿಡಿಯಲೇಬೇಕೆಂದಲ್ಲ. ೭ ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಅಗತ್ಯವಿದೆಯೆ ಎಂದು ಪೊಲೀಸರು ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ವಿಧಿಸಿದೆ. ಆದುದರಿಂದ ಠಾಣೆಯಲ್ಲಿ ಬರಿಯ ‘ತೊಂದರೆ ಕೊಟ್ಟರು’ ಎಂದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಎಂದು ಬರೆದುಕೊಟ್ಟರೆ ಮಾತ್ರ ಆ ಅಗತ್ಯ ಕಣ್ಣಿಗೆ ಕಾಣುತ್ತದೆ. ಬಂಧಿತನನ್ನು ಜಾಮೀನಿನ ಮೇಲೆ ಬಿಡುವಾಗಲೂ, ಆಕೆಗೆ ಫೋನು ಮಾಡಕೂಡದು, ಮನೆಯ ಬಳಿ ಸುಳಿಯಕೂಡದು, ಕುಡಿಯಕೂಡದು ಎಂಬ ಷರತ್ತುಗಳನ್ನು ಹಾಕಲು ೨೦೦೬ರ ನಿಯಮಗಳು ಕೋರ್ಟಿಗೆ ಅಧಿಕಾರ ಕೊಟ್ಟಿವೆ. ಎಷ್ಟೋ ವೇಳೆ ಕೊನೆಯ ಶಿಕ್ಷೆಗಿಂತ ಈ ಷರತ್ತುಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.

ಗಂಡನ ಪಕ್ಷಕ್ಕೂ ಕಾಯಿದೆ ಬಾಗಿಲು ಮುಚ್ಚಿಲ್ಲವೆಂಬುದನ್ನು ಮರೆಯಬಾರದು. ಆದೇಶ ತಪ್ಪೆನಿಸಿದರೆ ೩೦ ದಿನಗಳೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು; ಪರಿಸ್ಥಿತಿ ಬದಲಾಗಿದ್ದರೆ ಆದೇಶವನ್ನು ಮಾರ್ಪಡಿಸಿರೆಂದು ಬೇಡಬಹುದು; ಮಗಳನ್ನು ನೋಡುವ ಆಸೆಗೆ ೨೧ನೆಯ ಕಲಮಿನಲ್ಲಿ ಭೇಟಿಯ ಅನುಮತಿ ಕೇಳಬಹುದು. ಶಾಲೆಯ ಗೇಟಿನಲ್ಲಿ ನಿಂತ ತಂದೆಯ ತಪ್ಪು ಮಗಳನ್ನು ಪ್ರೀತಿಸಿದ್ದಲ್ಲ. ಕೋರ್ಟಿನ ಬಾಗಿಲಿರುವಾಗ ಗೇಟಿನ ಸಂದಿಯನ್ನು ಹುಡುಕಿದ್ದು.

ಮೊದಲ ಸಲವೇ ಬರೆದಿಡಬೇಕು

ಆದೇಶ ಮುರಿದಾಗ ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಅವರಿಗೆ ಸಹಿ ಮಾಡಿದ ಒಂದು ದೂರನ್ನು ಬರೆದುಕೊಟ್ಟರೆ ಅವರು ಆದೇಶದ ನಕಲಿನೊಡನೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಬೇಕಾದರೆ ಆಕೆ ನೇರವಾಗಿ ಠಾಣೆಗಾಗಲಿ ಕೋರ್ಟಿಗಾಗಲಿ ಹೋಗಬಹುದು. ಇಂಥ ಅಧಿಕಾರಿಗಳನ್ನು ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಗುರುತಿಸಿ ನೇಮಿಸಬೇಕೆಂದು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಿನಲ್ಲಿ ಎಲ್ಲ ರಾಜ್ಯಗಳಿಗೂ ಮತ್ತೆ ತಾಕೀತು ಮಾಡಿತು. ನಡುರಾತ್ರಿಯ ಅಪಾಯಕ್ಕೆ ೧೧೨, ಮಹಿಳಾ ಸಹಾಯವಾಣಿಗೆ ೧೮೧, ಕಾನೂನಿನ ನೆರವಿಗೆ ೧೫೧೦೦ ಎಂಬ ಸಂಖ್ಯೆಗಳು ಪ್ರತಿಯೊಂದು ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿರಬೇಕಾದುವು.

ನಮ್ಮ ಉದಾಹರಣೆಯ ಗೃಹಿಣಿ ಮೂರನೆಯ ರಾತ್ರಿ ಠಾಣೆಗೆ ಹೋದಳೆನ್ನೋಣ. ಮ್ಯಾಜಿಸ್ಟ್ರೇಟರ ಮುಂದೆ ಬಂದ ದೂರಿನಲ್ಲಿ ಇದ್ದದ್ದು ಒಂದೇ ಘಟನೆ. ಫೋನಿನ ದಿನಾಂಕ ಆಕೆಗೆ ನೆನಪಿಲ್ಲ. ಶಾಲೆಯ ಗೇಟಿನ ಸಂಗತಿಯನ್ನು ಯಾರೂ ಬರೆದಿಟ್ಟಿಲ್ಲ. “ಇವರದು ಇದೇ ಮೊದಲ ತಪ್ಪು, ಸ್ವಾಮಿ” ಎಂದು ಗಂಡನ ವಕೀಲರು ವಾದಿಸಿದರೆ ಅಲ್ಲವೆನ್ನಲು ಕಾಗದವಿಲ್ಲ. ಮೂರನೆಯ ತಪ್ಪನ್ನು ಮೊದಲನೆಯದರ ತೂಕದಲ್ಲಿ ತೂಗಿದರೆ ಅದು ಗುಲಗಂಜಿಯ ದೋಷವಲ್ಲ; ತಕ್ಕಡಿಯಲ್ಲಿ ಇಡಬೇಕಾದುದನ್ನು ಮನೆಯವರೆಲ್ಲ ಸೇರಿ ಮನೆಯಲ್ಲಿಯೇ ಬಿಟ್ಟು ಬಂದದ್ದರ ಫಲ.

ಒಮ್ಮೆ ಬಾಗಿಲು ತೆರೆದುದರಿಂದ, ಒಮ್ಮೆ ಕ್ಷಮಿಸಿದುದರಿಂದ ಆದೇಶ ಸಾಯುವುದಿಲ್ಲ. ೨೫ನೆಯ ಕಲಮಿನಂತೆ, ಆಕೆಯೇ ರದ್ದು ಮಾಡಿರೆಂದು ಅರ್ಜಿ ಕೊಡುವವರೆಗೆ ಅದು ಜೀವಂತ. ಆದುದರಿಂದ ತವರಿನ ಹಿರಿಯರು “ಹೋಗ್ಲಿ ಬುಡವ್ವ” ಎನ್ನುವುದಕ್ಕೆ ಮೊದಲು ಒಂದು ಕೆಲಸ ಮಾಡಬಹುದು. ಬದುವಿನ ತಡೆಯಾಜ್ಞೆಯನ್ನು ಪಹಣಿಯ ಜೊತೆ ಜೋಪಾನವಾಗಿಟ್ಟ ಅದೇ ಪೆಟ್ಟಿಗೆಯಲ್ಲಿ ಮಗಳ ಆದೇಶದ ನಕಲನ್ನೂ ಇಟ್ಟು, ಅದರ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನಿಟ್ಟು, ಮೊದಲ ಫೋನು ಬಂದ ದಿನವೇ ತಾರೀಖು ಹಾಕಿ ಮೊದಲ ಸಾಲನ್ನು ಬರೆಯಬಹುದು.